ಎದುರು ಸೀಟಿನ ಮನುಷ್ಯ

ರೈಲು ತಪ್ಪಿಹೋದರೆ ಒಳ್ಳೆಯದಿತ್ತು ಎಂದು ಲುವೆನಿಯಾಳಿಗೆ ಅನ್ನಿಸಿದ್ದು ಬೆಳಿಗ್ಗೆ ಹಲ್ಲುಜ್ಜುವಾಗ. ಅನ್ನಿಸಿದ ಕೂಡಲೇ, ಯಾರಾದರೂ ಕೇಳಿಸಿಕೊಂಡರೇನೋ ಎಂಬಂತೆ ನಲ್ಲಿಯನ್ನು ಇನ್ನೊಂದು ಸುತ್ತು ತಿರುಗಿಸಿ ನೀರಿನ ಸದ್ದು ಜೋರು ಮಾಡಿದಳು. ಇದನ್ನು ಡೈರಿಯಲ್ಲಿ ಬರೆದುಬಿಡಬೇಕು, ಬರೆದರೆ ಎಂಥ ಯೋಚನೆಯಾದರೂ ಅರ್ಧ ತೂಕ ಇಳಿಯುತ್ತದೆ ಎಂಬ ಹಳೆಯ ನಂಬಿಕೆಯಲ್ಲಿ ಕೋಣೆಗೆ ಬಂದು ಮೇಜಿನ ಕೆಳಗಿನ ಖಾನೆ ಎಳೆದಳು. ಬಿಳಿ ಕೈಗವಸುಗಳ ಕೆಳಗೆ ಡೈರಿ ಇತ್ತು. ಇತ್ತು, ಆದರೆ ಬೆನ್ನು ಹೊರಗೆ ಮಾಡಿಕೊಂಡು ಇತ್ತು. ಅವಳು ಅದರ ಬೆನ್ನನ್ನು ಯಾವತ್ತೂ ಒಳಗೋಡೆಯ ಕಡೆಗೆ ಮಾಡಿ ಇಡುವವಳು. ಹನ್ನೆರಡು ವರ್ಷದವಳಿದ್ದಾಗಿನಿಂದ, ಅಂದರೆ ಈ ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ಅದನ್ನು ಬೆನ್ನು ಹೊರಗೆ ಮಾಡಿ ಇಟ್ಟವಳಲ್ಲ. ಖಾನೆಯ ಮುಂದೆ ಮೊಣಕಾಲೂರಿ ಕೂತವಳಿಗೆ ಪಕ್ಕದ ಕೋಣೆಯಲ್ಲಿ ಅಪ್ಪ ಅಂಗಿಯೊಂದನ್ನು ಕೊಡವುವ ಸದ್ದು ಕೇಳಿಸಿತು. ಒಂದು ಸಲ, ಮತ್ತೊಂದು ಸಲ. ಆಮೇಲೆ ಸದ್ದಿಲ್ಲ. ಸದ್ದಿಲ್ಲದಿದ್ದದ್ದೇ ಅವಳಿಗೆ ಹೆಚ್ಚು ಅನುಮಾನ ತಂದಿತು.

ಓದಿದ್ದರೆ ಯಾವ ಪುಟ ಓದಿರಬಹುದು? ಹೋದ ಮಂಗಳವಾರದ ಪುಟವಂತೂ ತೆರೆದರೆ ತಾನಾಗಿ ತೆರೆದುಕೊಳ್ಳುತ್ತದೆ. ಅವತ್ತು ಅಷ್ಟು ಒತ್ತಿ ಬರೆದಿದ್ದಳು. ಆ ಪುಟದಲ್ಲಿ ಬರೆದದ್ದು ಇಷ್ಟೇ: ಅಪ್ಪ ವಾಷಿಂಗ್ಟನ್ನಿನಲ್ಲಿ ಆ ಕತೆ ಹೇಳುತ್ತಾನೆ, ನನ್ನನ್ನು ಎದ್ದು ನಿಲ್ಲಿಸುತ್ತಾನೆ, ಜನ ಚಪ್ಪಾಳೆ ತಟ್ಟುತ್ತಾರೆ, ಆ ಕತೆ ನಿಜವಲ್ಲ. ಕೊನೆಯ ಮೂರು ಮಾತಿನ ಕೆಳಗೆ ಗೆರೆಯನ್ನೂ ಎಳೆದಿದ್ದಳು. ಗೆರೆ ಎಳೆಯುವಾಗ ತಾನೊಬ್ಬಳು ಬಹಳ ಪ್ರಾಮಾಣಿಕ ಹುಡುಗಿ ಎಂಬ ಸಣ್ಣದೊಂದು ಸುಖವೂ ಆಗಿತ್ತು. ಈಗ ಅದನ್ನು ನೆನೆದರೆ ಕಿವಿ ಬಿಸಿಯಾಗುತ್ತದೆ. ಲೈಬ್ರರಿಯಲ್ಲಿ ದಿನವಿಡೀ ಪುಸ್ತಕಗಳ ಬೆನ್ನು ನೋಡಿಕೊಂಡು ನಿಲ್ಲುವ ಕೆಲಸ ಅವಳದು. ಯಾವ ಪುಸ್ತಕ ಯಾರು ಮುಟ್ಟಿದರು, ಯಾವುದು ಸರಿದು ಕೂತಿದೆ ಎಂಬುದು ಕಣ್ಣಿಗೆ ತಾನಾಗಿ ಬೀಳುತ್ತದೆ. ಮನೆಗೆ ಬಂದಮೇಲೂ ಆ ಕಣ್ಣು ಮುಚ್ಚುವುದಿಲ್ಲ.

ಅವಳು ಅಪ್ಪನ ಕೋಣೆಯ ಬಾಗಿಲಿಗೆ ಹೋಗಿ ನಿಂತಳು. ಹೋಸಿಯಾ ಟಿಸ್ಡೇಲ್ ಬೆಳಿಗ್ಗೆ ಆರರಿಂದ ಪೆಟ್ಟಿಗೆ ಕಟ್ಟುತ್ತಿದ್ದ. ರೈಲು ಇದ್ದದ್ದು ಮಧ್ಯಾಹ್ನ ನಾಲ್ಕಕ್ಕೆ. ಮೂವತ್ತೊಂದು ವರ್ಷ ಮಲಗುವ ಬೋಗಿಯ ಪೋರ್ಟರ್ ಆಗಿ ಬೇರೆಯವರ ಹಾಸಿಗೆ ಹಾಸಿ, ಬೇರೆಯವರ ಬೂಟು ಉಜ್ಜಿ, ಬೇರೆಯವರ ಕೋಟಿನ ಧೂಳು ಹೊಡೆದವನು ಇವತ್ತು ಮೊದಲ ಸಲ ಟಿಕೆಟ್ ಕೊಂಡು ಆ ಹಾಸಿಗೆಯಲ್ಲಿ ಮಲಗುವವನಿದ್ದ. ಹಾಸಿಗೆಯ ಮೇಲೆ ಸಾಮಾನುಗಳನ್ನು ಸಾಲಾಗಿ ಜೋಡಿಸಿದ್ದ. ಅವನ ಶಾಸ್ತ್ರ ಕಟ್ಟುನಿಟ್ಟಿನದು. ಮೊದಲು ಬೇಕಾಗುವುದು ಕೊನೆಗೆ ಒಳಗೆ ಹೋಗಬೇಕು. ದೊಡ್ಡ ಪೆಟ್ಟಿಗೆ ಸೀಟಿನ ಕೆಳಗೆ ಹೋದರೆ ಬೆಳಗಾಗುವ ತನಕ ಅದನ್ನು ಮರೆತುಬಿಡಬೇಕು. ಮಲಗುವ ಬರ್ತಿನ ಪರದೆಯ ಒಳಕ್ಕೆ ಬರುವುದು ಒಂದೇ ಸಣ್ಣ ಚೀಲ, ಅದರಲ್ಲಿ ಮೇಲುಗಡೆ ಚಪ್ಪಲಿ, ಅದರ ಕೆಳಗೆ ರಾತ್ರಿಯ ಬಟ್ಟೆ, ಆಮೇಲೆ ಸೋಪು. ಕಾಗದದಲ್ಲಿ ಸುತ್ತಿದ್ದು ಏನೂ ಇರಕೂಡದು. ಕಾಗದದ ಸದ್ದಿಗೆ ಪಕ್ಕದ ಪರದೆಯವರಿಗೆ ಎಚ್ಚರವಾಗುತ್ತದೆ, ಎಚ್ಚರವಾದವರು ಗಂಟೆ ಒತ್ತುತ್ತಾರೆ, ಗಂಟೆ ಒತ್ತಿದರೆ ಒಬ್ಬ ಮನುಷ್ಯ ಎದ್ದು ಬರಬೇಕಾಗುತ್ತದೆ. ಮನೆಯ ನೆಲದ ಮೇಲೆಯೂ ಅವನು ಕಾಲು ಅಗಲಿಸಿಯೇ ನಿಲ್ಲುತ್ತಾನೆ. ನೆಲ ಯಾವ ಗಳಿಗೆಯಲ್ಲಿ ಅಲುಗೀತೋ ಎಂಬ ಅನುಮಾನ ಅವನ ಮೊಣಕಾಲಿನಿಂದ ಇನ್ನೂ ಹೋಗಿರಲಿಲ್ಲ.

ಬಾಗಿಲಲ್ಲಿ ನಿಂತವಳನ್ನು ನೋಡದೆಯೇ, ನಿನ್ನ ಬಟ್ಟೆ ತಂದುಕೊಡು, ಅದನ್ನೂ ನಾನೇ ಮಡಿಸುತ್ತೇನೆ ಎಂದ. ಅವಳು ಬೇಡವೆಂದಳು. ಯಾಕೆ ಬೇಡವೆಂದು ಕೇಳಬಹುದಿತ್ತು, ಕೇಳಲಿಲ್ಲ. ಕೇಳದೆ ಒಂದು ಟೈಯನ್ನು ನಾಲ್ಕು ಮಡಿಕೆ ಮಾಡಿ ಬೂಟಿನೊಳಗೆ ತುರುಕಿ, "ನೀನೂ ನಿನ್ನಮ್ಮನ ಹಾಗೇ. ನಿನ್ನ ಸಾಮಾನು ಯಾರೂ ಮುಟ್ಟಕೂಡದು" ಎಂದು ನಕ್ಕ. ಇದು ಬರಿಯ ಮಾತೋ, ಡೈರಿಗೆ ಹಾಕಿದ ಕೊಕ್ಕೆಯೋ? ಅವಳು ಅವನ ಕೈಗಳನ್ನು ನೋಡಿದಳು. ಕೈಗಳು ಏನನ್ನೂ ಬಿಟ್ಟುಕೊಡಲಿಲ್ಲ. ಅವು ಬಿಟ್ಟುಕೊಡದಿರುವುದನ್ನೇ ಕಲಿತ ಕೈಗಳು.

ಅಡುಗೆಮನೆಯಲ್ಲಿ ಅಪ್ಪನ ಅಕ್ಕ ಒಡೆಸ್ಸಾ ಕೋಳಿ ಕರಿಯುತ್ತಿದ್ದಳು. ಬೂಟಿನ ಖಾಲಿ ಡಬ್ಬದೊಳಗೆ ಮೇಣದ ಕಾಗದ ಹಾಸಿ, ಅದರಲ್ಲಿ ಕೋಳಿ, ಬೇಯಿಸಿದ ಮೊಟ್ಟೆ, ಬೆಣ್ಣೆ ಕೇಕಿನ ಎರಡು ತುಂಡು ಇಟ್ಟು ದಾರ ಕಟ್ಟುವುದು ಅವಳ ಕೆಲಸ. ಕರಿಯರಾದ ನಮ್ಮವರಿಗೆ ಊಟದ ಬೋಗಿಯಲ್ಲಿ ಜಾಗವಿಲ್ಲದ ಕಾಲದಿಂದ ಅವಳು ಇದನ್ನೇ ಮಾಡಿಕೊಂಡು ಬಂದಿದ್ದಳು. ಈಗ ಎಲ್ಲರ ಜತೆ ಕೂತು ಉಣ್ಣಬಹುದು, ಬೆಳ್ಳಗಿನ ಮೇಜುಬಟ್ಟೆ ಹಾಸಿರುತ್ತಾರೆ, ನಾವು ಅಲ್ಲೇ ಉಣ್ಣುತ್ತೇವೆ ಎಂದು ಅಪ್ಪ ನಿನ್ನೆಯಿಂದ ಹೇಳುತ್ತಿದ್ದ. ಒಡೆಸ್ಸಾ ಒಪ್ಪುವ ಹೆಂಗಸಲ್ಲ. ಹಿಟ್ಟು ಮೆತ್ತಿದ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು, "ಒಳಗೆ ಬಿಡ್ತಾರೆ ಅಂತ ನಾನ್ಯಾಕೆ ಕೋಳಿ ಕರಿಯೋದು ಬಿಡ್ಲಿ? ಅವ್ರು ಬಿಡೋದು ಅವ್ರ ಇಷ್ಟ. ನಾನು ಕರಿಯೋದು ನನ್ನಿಷ್ಟ" ಎಂದಳು. ಆಮೇಲೆ ಲುವೆನಿಯಾಳ ಮುಖ ನೋಡಿ, ಪಿತ್ತವಾದವರ ಹಾಗಿದ್ದೀಯಲ್ಲ ಹುಡುಗಿ, ನಾಳೆ ನಾನೂರು ಜನದೆದುರು ಎದ್ದು ನಿಲ್ಲಬೇಕಾದವಳು ನೀನು, ಕೆನ್ನೆಗೆ ಒಂದಿಷ್ಟು ಬಣ್ಣವಾದರೂ ಹಚ್ಚಿಕೋ ಎಂದಳು.

ನಾಳೆ ಹನ್ನೊಂದು ಗಂಟೆಗೆ ಪೋರ್ಟರುಗಳ ಸಂಘದ ಸಭೆ. ಸಂಘ ಕಟ್ಟಿದ ಕಾಲದ ಹಳಬರಲ್ಲಿ ಬದುಕಿರುವ ಹದಿನಾರು ಜನರಿಗೆ ಪದಕ ತೊಡಿಸುತ್ತಾರೆ. ಒಬ್ಬೊಬ್ಬರೂ ಐದು ನಿಮಿಷ ಮಾತಾಡಬೇಕು. ಅಪ್ಪ ಮಾತಾಡುವುದಕ್ಕೆ ಆರಿಸಿಕೊಂಡದ್ದು ಮುಷ್ಕರದ ಕತೆಯನ್ನಲ್ಲ, ಪಗಾರದ ಕತೆಯನ್ನಲ್ಲ, ಮಗಳ ಕತೆಯನ್ನು. ಕ್ಷೌರದಂಗಡಿಯಲ್ಲಿ, ಚರ್ಚಿನ ಮೆಟ್ಟಿಲಿನ ಮೇಲೆ, ಅಮ್ಮನ ಶವದ ಪಕ್ಕ ಕೂತ ಆ ಇಡೀ ದಿನದಲ್ಲಿ ಕೂಡ ಒಂದು ಸಲ, ಹೀಗೆ ಏಳು ವರ್ಷದಲ್ಲಿ ಅವನು ಹೇಳಿ ಹೇಳಿ ನಯವಾಗಿಸಿದ ಕತೆ ಅದು. ಏಳು ವರ್ಷದ ಹಿಂದಿನ ಕ್ರಿಸ್ಮಸ್ ರಜೆಯಲ್ಲಿ ಲುವೆನಿಯಾ ನ್ಯೂಯಾರ್ಕ್ ಸೀಮೆಯ ತನ್ನ ಕಾಲೇಜಿನಿಂದ ಷಿಕಾಗೋದ ಮನೆಗೆ ಬರುತ್ತಿದ್ದಳು. ಜತೆಯಲ್ಲಿ ಮಾರ್ಜರಿ ಎಂಬ ಬಿಳಿ ಹುಡುಗಿ. ಅಪ್ಪನದು ಪಶ್ಚಿಮದ ಕಡೆಯ ಗಾಡಿ. ಆದರೆ ಅವತ್ತು ಯಾರೋ ಕಾಯಿಲೆ ಬಿದ್ದರೆಂದು ಅವನನ್ನು ಈ ಗಾಡಿಗೆ ಹಾಕಿದ್ದರು. ಬೋಗಿ ಹತ್ತಿದರೆ ಮೆಟ್ಟಿಲ ಬಳಿ ಕೈ ಕೊಡುತ್ತಿರುವವನು ಅಪ್ಪ. ಬೋಗಿಯಲ್ಲಿ ಒಬ್ಬ 'ಕಣ್ಣು' ಇದ್ದ. ಕಣ್ಣು ಎಂದರೆ ಟಿಕೆಟ್ ಕೊಂಡ ಪ್ರಯಾಣಿಕನ ಹಾಗೆ ಕೂತು, ಪೋರ್ಟರ್ ಏನು ಮಾಡಿದ, ಯಾರ ಜತೆ ಸಲಿಗೆಯಿಂದ ಮಾತಾಡಿದ, ಎಂದು ಚೀಟಿ ಬರೆದು ಕಳಿಸುವ ಕಂಪನಿಯ ಬಾಡಿಗೆ ಮನುಷ್ಯ. ಮನೆಯವರು ಬೋಗಿಯಲ್ಲಿದ್ದರೆ ಗುರುತು ತೋರಿಸುವ ಹಾಗಿಲ್ಲ, ತೋರಿಸಿದರೆ ಕೆಲಸ ಹೋಯಿತು. ಆ ಕಣ್ಣು ಎದುರು ಸೀಟಿನಲ್ಲೇ ಪೇಪರು ಹಿಡಿದು ಕೂತಿದ್ದ. ಇಲ್ಲಿಂದ ಮುಂದೆ ಅಪ್ಪನ ಮಾತಿನಲ್ಲೇ ಹೇಳುವುದಾದರೆ, ನನ್ನ ಮಗಳು, ಹತ್ತೊಂಬತ್ತು ವರ್ಷದ ಹುಡುಗಿ, ಯಾರೂ ಹೇಳಿಕೊಡದೆ ಅವನನ್ನು ಪತ್ತೆ ಹಚ್ಚಿದಳು. ರಾತ್ರಿಯೆಲ್ಲ ನನ್ನನ್ನು ಕಂಡೂ ಕಾಣದವಳ ಹಾಗಿದ್ದಳು. ಬೆಳಿಗ್ಗೆ ನಾನು ಕೋಟಿನ ಧೂಳು ಹೊಡೆದರೆ, ಕೈಗೆ ಒಂದು ಕಾಲು ಡಾಲರ್ ಇಟ್ಟು, ರಾಣಿಯ ಹಾಗೆ ಇಳಿದುಹೋದಳು. ನನ್ನ ಕೆಲಸ ಉಳಿಸಿದ್ದು ನನ್ನ ಮಗಳು. ಇಲ್ಲಿಗೆ ಕತೆ ಮುಗಿಯುತ್ತಿತ್ತು. ಕೇಳಿದವರು ತೊಡೆ ತಟ್ಟಿಕೊಂಡು ನಗುತ್ತಿದ್ದರು, ಕೆಲವರು ಕಣ್ಣೊರೆಸಿಕೊಳ್ಳುತ್ತಿದ್ದರು, ಲುವೆನಿಯಾ ಅಲ್ಲಿದ್ದರೆ ತಲೆ ತಗ್ಗಿಸುತ್ತಿದ್ದಳು. ಎಷ್ಟು ಸಂಕೋಚದ ಹುಡುಗಿ ಎನ್ನುತ್ತಿದ್ದರು.

ಕತೆ ಹೇಳತೊಡಗಿದ ಮೊದಲ ವರ್ಷ ಆ ಮನುಷ್ಯನ ಕೈಯಲ್ಲಿ ಬರೀ ಪೇಪರು ಇತ್ತು. ಮರುವರ್ಷ ಅವನಿಗೆ ಕನ್ನಡಕ ಬಂತು. ಆಮೇಲೆ ಕಂದು ಹ್ಯಾಟು, ಎಡಗೆನ್ನೆಯ ಮೇಲೊಂದು ಮಚ್ಚೆ. ಈಗ ಟೊಲಿಡೊ ಊರಿನಲ್ಲಿ ಇಳಿದುಹೋಗುವಾಗ ಅವನು ತಿರುಗಿ ನೋಡುವುದೂ ಸೇರಿಕೊಂಡಿತ್ತು. ಹೋದ ಮಂಗಳವಾರ ಅಪ್ಪ ಹೇಳುತ್ತ ಹೋದಂತೆ ಭಾಷಣವನ್ನು ದುಂಡಾಗಿ ಬರೆದುಕೊಟ್ಟವಳು ಅವಳೇ. ಮಚ್ಚೆಯ ಹತ್ತಿರ ಬಂದಾಗ ಅವಳ ಪೆನ್ನು ನಿಂತಿತ್ತು. ಅಪ್ಪ ಕಾದಿದ್ದ. ಬರೆದೆಯಾ ಎಂದು ಕೇಳಿದ್ದ. ಬರೆದೆ ಎಂದಿದ್ದಳು.

ಅಪ್ಪನ ಕೋಣೆಯಲ್ಲಿ ಈಗ ನೀಲಿ ಹೊದಿಕೆಯ ಜಗಳ ಶುರುವಾಗಿತ್ತು. ಪೋರ್ಟರುಗಳು ಸಿಗರೇಟು ಸೇದುವ ಕೋಣೆಯ ಬೆಂಚಿನ ಮೇಲೆ ಎರಡು ಗಂಟೆ ಮೈಚಾಚಲು ಕಂಪನಿ ಕೊಡುತ್ತಿದ್ದದ್ದು ನೀಲಿ ಹೊದಿಕೆ. ಪ್ರಯಾಣಿಕರದ್ದು ಕಂದು ಬಣ್ಣದ್ದು. ಕಂದು ಹೊದಿಕೆ ಹಳತಾಗಿ ಎಳೆ ಬಿಟ್ಟಾಗ ಅದಕ್ಕೆ ನೀಲಿ ಬಣ್ಣ ಹಾಕಿ ಇವರಿಗೆ ಕೊಡುತ್ತಿದ್ದರು. ಇವರು ಹೊದ್ದದ್ದು ತಪ್ಪಿಯೂ ಪ್ರಯಾಣಿಕರ ಮೈಗೆ ಹೋಗಬಾರದು ಎಂದು. ನಿವೃತ್ತನಾಗುವ ವಾರ ಅಪ್ಪ ಒಂದು ಹೊದಿಕೆ ಕಳೆದುಹೋಯಿತೆಂದು ಬರೆಸಿ, ಅದರ ಬೆಲೆಯನ್ನು ಪಗಾರದಲ್ಲಿ ಹಿಡಿಸಿಕೊಂಡು, ಮನೆಗೆ ತಂದಿದ್ದ. ಈಗ ಅದನ್ನು ಪೆಟ್ಟಿಗೆಗೆ ಹಾಕುತ್ತಿದ್ದ. ಒಡೆಸ್ಸಾ ಹಿಂದಿನಿಂದ ಬಂದು ತೆಗೆದಿಟ್ಟಳು. ಅವನು ಮತ್ತೆ ಹಾಕಿದ.

"ದುಡ್ಡು ಕೊಟ್ಟು ಮಲಗೋಕೆ ಹೋಗ್ತಿದೀಯ ಹೋಸಿಯಾ. ಅವ್ರೇ ಒಳ್ಳೇದು ಕೊಡ್ತಾರೆ."

"ಅದರೊಳಗೆ ನಂಗೆ ನಿದ್ದೆ ಬರಲ್ಲ ಅಕ್ಕಾ."

"ಒಂದಿನಾನೂ ಹೊದ್ದಿಲ್ಲ, ನಿದ್ದೆ ಬರಲ್ಲ ಅಂತ ಹೆಂಗೆ ಗೊತ್ತು ನಿಂಗೆ?"

ಅಪ್ಪ ಹೊದಿಕೆಯನ್ನು ಅಂಗೈಯಿಂದ ಒತ್ತಿ ಸರಿಮಾಡಿದ. ಹೊದಿಕೆಯ ಮೇಲೆ ಬೂಟುಪಾಲಿಷಿನ ಡಬ್ಬಿ, ಬ್ರಷ್ಷು ಇಟ್ಟ. ಅದು ಯಾಕೆಂದು ಲುವೆನಿಯಾ ಕೇಳಿದಳು. ರಾತ್ರಿ ಬೂಟು ಹೊರಗಿಟ್ಟರೆ ಬೋಗಿಯ ಪೋರ್ಟರೇ ಉಜ್ಜಿಡುತ್ತಾನೆ, ಅವನ ಪಾಲಿಗೆ ಆಗಲೇ ಇಪ್ಪತ್ತೈದು ಜತೆ ಇರುತ್ತದೆ, ನನ್ನದು ನಾನು ಉಜ್ಜಿಕೊಳ್ಳುತ್ತೇನೆ ಎಂದ. ನಿನ್ನದನ್ನೂ ನಾನೇ ಉಜ್ಜುತ್ತೇನೆ ಎಂದ. ಏಳು ವರ್ಷದ ಹಿಂದೆ ಆ ರಾತ್ರಿಯೂ ಅವಳ ಬೂಟು ಉಜ್ಜಿದ್ದವನು ಅವನೇ. ಬೆಳಿಗ್ಗೆ ಪರದೆ ಸರಿಸಿದಾಗ ಮಾರ್ಜರಿಯ ಬೂಟುಗಳೂ ಅವಳ ಬೂಟುಗಳೂ ಜತೆಜತೆಯಾಗಿ ನಿಂತಿದ್ದವು. ಅವಳವಕ್ಕೆ ಹೊಸ ಲೇಸು ಕಟ್ಟಿತ್ತು. ಹಳೆಯ ಲೇಸು ಎರಡು ಕಡೆ ಹರಿದು ಗಂಟು ಹಾಕಿದ್ದದ್ದನ್ನು ಅವಳು ಯಾರಿಗೂ ತೋರಿಸದೆ ನಡೆಯುತ್ತಿದ್ದಳು, ಕತ್ತಲಲ್ಲಿ ಅದನ್ನು ಬೆರಳಿನಿಂದಲೇ ಕಂಡುಹಿಡಿದಿದ್ದ. ಕತೆಯಲ್ಲಿ ಆ ಲೇಸು ಇಲ್ಲ. ಯಾಕಿಲ್ಲ? ಹೇಳಿದ್ದರೆ ಜನ ಇನ್ನಷ್ಟು ಕಣ್ಣೊರೆಸಿಕೊಳ್ಳುತ್ತಿದ್ದರಲ್ಲ.

ಅವಳು ಅಲ್ಲಿದ್ದ ತನ್ನ ಸಣ್ಣ ಚೀಲವನ್ನು ಎತ್ತಿಕೊಂಡು ತನ್ನ ಕೋಣೆಗೆ ಬಂದು ಮಂಚದ ಮೇಲೆ ತೆರೆದಳು. ಚಪ್ಪಲಿ, ರಾತ್ರಿಯಂಗಿ, ಬಾಚಣಿಗೆ. ಡೈರಿ ಒಯ್ಯಬೇಕೋ ಬೇಡವೋ ಎಂದು ಎತ್ತಿಕೊಂಡವಳು ಇಟ್ಟಳು, ಇಟ್ಟವಳು ಎತ್ತಿಕೊಂಡಳು. ಒಯ್ದರೆ ಅಪ್ಪ ಕೆಳಗಿನ ಬರ್ತಿನಲ್ಲಿ, ಅದು ಮೇಲಿನ ಬರ್ತಿನಲ್ಲಿ. ಬಿಟ್ಟರೆ ಮನೆಯಲ್ಲಿ ಒಡೆಸ್ಸಾ ಒಬ್ಬಳೇ. ಚೀಲದ ಒಳಜೇಬಿಗೆ ಕೈ ಹಾಕಿದರೆ ಬೆರಳಿಗೆ ತಣ್ಣಗೆ ಏನೋ ತಗಲಿತು. ಕಾಲು ಡಾಲರಿನ ಒಂದು ನಾಣ್ಯ. ಅವಳು ಇಟ್ಟದ್ದಲ್ಲ. ಬೆಳಿಗ್ಗೆಯಿಂದ ಈ ಚೀಲ ಅಪ್ಪನ ಕೋಣೆಯ ಕುರ್ಚಿಯ ಮೇಲಿತ್ತು.

ಕಣ್ಣುಗಳು ಹೀಗೆಯೇ ಮಾಡುತ್ತಿದ್ದರು ಎಂದು ಅಪ್ಪನೇ ಹೇಳಿದ್ದ. ದಿಂಬಿನ ಕೆಳಗೆ ನಾಣ್ಯವೊಂದನ್ನು ಮರೆತವರ ಹಾಗೆ ಬಿಟ್ಟು, ಹಾಸಿಗೆ ಎತ್ತುವವನು ತಂದುಕೊಡುತ್ತಾನೋ ಜೇಬಿಗೆ ಹಾಕುತ್ತಾನೋ ಎಂದು ಕಾಯುತ್ತಿದ್ದರು. ಅವಳು ನಾಣ್ಯವನ್ನು ಕಿಟಕಿಯ ಬೆಳಕಿಗೆ ಹಿಡಿದು ಇಸವಿ ನೋಡಿದಳು. ಸಾವಿರದ ಒಂಬೈನೂರ ನಲವತ್ತೇಳು. ಅಂದರೆ ಆ ಕ್ರಿಸ್ಮಸ್ಸಿಗೆ ಮುಂಚಿನದು, ಅವತ್ತು ಅವಳು ಕೊಟ್ಟದ್ದೇ ಆಗಿರಬಹುದು. ಆಗಿಲ್ಲದೆಯೂ ಇರಬಹುದು, ಪೇಟೆಯ ಅರ್ಧಕ್ಕರ್ಧ ನಾಣ್ಯ ಆ ಕಾಲದ್ದೇ. ಅವಳು ಅವತ್ತು ಕೊಟ್ಟ ನಾಣ್ಯದ ಇಸವಿ ಯಾರು ನೋಡಿದ್ದರು. ಅದರ ಬಿಸಿ ಮಾತ್ರ ನೆನಪಿತ್ತು. ಕೈಗವಸಿನೊಳಗೆ ಬಹಳ ಹೊತ್ತು ಹಿಡಿದಿದ್ದರಿಂದ ಬಿಸಿಯಾಗಿತ್ತು. ಮಾರ್ಜರಿ ಹಲ್ಲುಜ್ಜಲು ಹೋಗಿದ್ದಳು. ಹಿಂದಿನ ರಾತ್ರಿಯೆಲ್ಲ ಅವಳು, ಜಾರ್ಜ್ ಇನ್ನೊಂದು ದಿಂಬು, ಜಾರ್ಜ್ ಕಿಟಕಿ ಸ್ವಲ್ಪ ಮೇಲೆತ್ತು ಎನ್ನುತ್ತಿದ್ದಳು. ಬೋಗಿಯ ಪೋರ್ಟರುಗಳೆಲ್ಲ ಬಿಳಿಯರ ಬಾಯಲ್ಲಿ ಜಾರ್ಜೇ. ಹೆಸರು ಕೇಳುವ ತೊಂದರೆ ಯಾರಿಗೂ ಬೇಕಿರಲಿಲ್ಲ. ಮಾರ್ಜರಿ ಕೆಟ್ಟ ಹುಡುಗಿಯೂ ಅಲ್ಲ. ನಿಮ್ಮಪ್ಪನದು ಏನು ಕೆಲಸ ಎಂದು ಮೊದಲ ವರ್ಷವೇ ಕೇಳಿದ್ದಳು. ರೈಲ್ವೆಯಲ್ಲಿ ಎಂದಿದ್ದಳು ಲುವೆನಿಯಾ. ಆಫೀಸಿನಲ್ಲಾ ಎಂದು ಕೇಳಿದಾಗ ತಲೆ ಒಂದಿಷ್ಟು ಅಲುಗಿತ್ತು. ಹೂಂ ಎಂದೂ ಅಲ್ಲ, ಇಲ್ಲವೆಂದೂ ಅಲ್ಲ. ಆ ಅಲುಗಾಟ ಆಮೇಲೆ ಎರಡು ವರ್ಷ ಅವಳ ಕತ್ತಿನಲ್ಲಿ ಉಳಿದಿತ್ತು.

ನಾಣ್ಯ ಹಿಡಿದುಕೊಂಡೇ ಅಪ್ಪನ ಹತ್ತಿರ ಹೋಗಿ ಇದೇನು ಎಂದು ಕೇಳಿದಳು. ತನ್ನ ದನಿ ತನಗೇ ಪೊಲೀಸರ ದನಿಯ ಹಾಗೆ ಕೇಳಿಸಿತು. ಅಪ್ಪ ಪೆಟ್ಟಿಗೆಯ ಮೂಲೆಗೆ ಕಾಲುಚೀಲ ತುಂಬುತ್ತಿದ್ದವನು ತಲೆಯೆತ್ತಿದ.

"ಬೋಗಿಯವನಿಗೆ. ಬೆಳಿಗ್ಗೆ ನೀನು ಕೊಡು, ನಾನು ಕೊಟ್ರೆ ಅವ್ನು ಇಸ್ಕೊಳಲ್ಲ. ಹಳಬ ಅಂತ ಗೊತ್ತಾಗ್ಬಿಡುತ್ತೆ."

ಸರಿ ಎಂದು ಅವಳು ತಿರುಗುವಷ್ಟರಲ್ಲಿ, ಮಗಳೇ ಎಂದು ಕರೆದ.

"ಕೊಡೋಕ್ ಮುಂಚೆ ಹೆಸ್ರು ಕೇಳು. ಅವ್ನು ಹೇಳಿದ್ಮೇಲೆ, ಆ ಹೆಸ್ರು ಹೇಳಿ ಕೊಡು."

ಅಷ್ಟೇ ಹೇಳಿ ಮತ್ತೆ ಕಾಲುಚೀಲಕ್ಕೆ ಹೋದ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಕತೆಯಲ್ಲಿ ಲೇಸು ಇಲ್ಲದ ಹಾಗೆ ಇನ್ನೂ ಒಂದು ಇಲ್ಲ. ಅದು ಇವಳಿಗೊಬ್ಬಳಿಗೇ ಗೊತ್ತು ಎಂದು ಏಳು ವರ್ಷ ನಂಬಿದ್ದಳು. ಅದು ಅವನಿಗೂ ಗೊತ್ತಿರಲೇಬೇಕಲ್ಲ, ಅವನ ಕಿವಿಗೇ ಬಿದ್ದದ್ದು ಎಂಬ ಸರಳ ಲೆಕ್ಕ ಇವತ್ತು, ಈ ಚೌಕಟ್ಟಿನ ಹತ್ತಿರ, ಮೊದಲ ಸಲ ಎದುರಿಗೆ ಬಂದು ನಿಂತಿತು. ಆ ಬೆಳಿಗ್ಗೆ ಮಾರ್ಜರಿ ಎದ್ದು ಹೋದದ್ದನ್ನು ನೋಡಿಕೊಂಡೇ ಅಪ್ಪ ಬ್ರಷ್ಷು ಹಿಡಿದು ಬಂದಿದ್ದ. ಕೋಟಿನ ಭುಜದ ಮೇಲೆ ಎರಡೇ ಸಲ ಬ್ರಷ್ಷಾಡಿಸಿ ಸುಮ್ಮನೆ ನಿಂತ. ಏನೋ ಕಾಯುತ್ತಿದ್ದ. ಅಮ್ಮ ಹೇಗಿದ್ದಾಳೆಂದು ಹೇಳಲಿಲ್ಲ, ಊಟ ಮಾಡಿದೆಯಾ ಎನ್ನಲಿಲ್ಲ. ಮೊದಲ ಮಾತನ್ನು ಅವಳಿಗೇ ಬಿಟ್ಟುಕೊಟ್ಟವನ ಹಾಗೆ ನಿಂತಿದ್ದ. ಆಗ ಅವಳು ಎಡಕ್ಕೆ ನೋಡಲಿಲ್ಲ, ಬಲಕ್ಕೆ ನೋಡಲಿಲ್ಲ. ನಾಣ್ಯವನ್ನು ಮುಂದೆ ಹಿಡಿದು, ಮಾರ್ಜರಿಯದೇ ರಾಗದಲ್ಲಿ ಒಂದು ಮಾತು ಆಡಿದಳು. ಅವನು ನಾಣ್ಯ ತೆಗೆದುಕೊಂಡು, ಬಹಳ ಉಪಕಾರ ಮಿಸ್ ಎಂದು ಟೋಪಿ ಮುಟ್ಟಿದ.

ಹಾಗಾದರೆ ಪೇಪರಿನವನನ್ನು ಎದುರು ಸೀಟಿನಲ್ಲಿ ಕೂರಿಸಿದ್ದು ಯಾರು, ಯಾರಿಗಾಗಿ? ಒಂದೋ ಅಪ್ಪ ನಿಜವಾಗಿಯೂ ನಂಬಿದ್ದಾನೆ; ಮೂವತ್ತೊಂದು ವರ್ಷ ಪ್ರತಿ ಸೀಟಿನಲ್ಲೂ ಕಣ್ಣನ್ನು ಕಂಡವನಿಗೆ ಅಲ್ಲಿಯೂ ಒಬ್ಬ ಕಂಡಿರಬಹುದು. ಹಾಗಿದ್ದರೆ ನಾಳೆ ನಾನೂರು ಜನರೆದುರು ಅವನು ತನ್ನ ಮಗಳ ಸುಳ್ಳಿಗೆ ಪದಕ ತೊಟ್ಟುಕೊಳ್ಳುತ್ತಾನೆ. ಇಲ್ಲವೋ ಅವನಿಗೆ ಎಲ್ಲ ಗೊತ್ತು. ಗೊತ್ತಿದ್ದು ಒಬ್ಬ ಮನುಷ್ಯನನ್ನು ಹೊಲಿದು, ಅವನಿಗೆ ಕನ್ನಡಕ ಇಟ್ಟು, ಹ್ಯಾಟು ಇಟ್ಟು, ಮಚ್ಚೆ ಇಟ್ಟು, ವರ್ಷವರ್ಷವೂ ಅವಳ ಮೇಲೆ ಹೊದಿಸುತ್ತ ಬಂದಿದ್ದಾನೆ, ಅವಳು ಚಳಿಗೆ ಬೀಳಬಾರದೆಂದು. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದೆಂದು ಅವಳಿಗೆ ಹೊಳೆಯಲಿಲ್ಲ. ಒಂದು ಮಾತ್ರ ಹೊಳೆಯಿತು, ಅದಕ್ಕೆ ನಾಚಿಕೆಯಾಯಿತು: ಡೈರಿಯನ್ನು ಅವನು ಓದಿರಲಿ ಎಂದು ಅವಳು ಬೆಳಿಗ್ಗೆಯಿಂದ ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು. ಓದಿದ್ದರೆ ಹೇಳುವ ಕೆಲಸ ತಪ್ಪುತ್ತಿತ್ತು.

ಅಡುಗೆಮನೆಗೆ ಹೋಗಿ ನೀರು ಕುಡಿಯುವ ನೆಪದಲ್ಲಿ ನಿಂತು, ನನ್ನ ಖಾನೆಯನ್ನು ಯಾರಾದರೂ ತೆಗೆದಿರಾ ಎಂದು ಒಡೆಸ್ಸಾಳನ್ನು ಕೇಳಿದಳು. ಒಡೆಸ್ಸಾ ಡಬ್ಬಕ್ಕೆ ದಾರ ಸುತ್ತುತ್ತಿದ್ದಳು. ಗಂಟಿನ ಮೇಲೆ ಬೆರಳಿಡು ಎಂದು ಸನ್ನೆ ಮಾಡಿದಳು. ಲುವೆನಿಯಾ ಬೆರಳಿಟ್ಟಳು.

"ನಾನೇ ತೆಗೆದೆ. ಕೈಗವಸು ಒಗೆದು ಇಸ್ತ್ರಿ ಮಾಡೋರು ಯಾರು ಮತ್ತೆ, ನಿಮ್ಮ ಲೈಬ್ರರಿಯವ್ರು ಬರ್ತಾರಾ?"

ಅಡಿಯಲ್ಲಿ ಒಂದು ಪುಸ್ತಕ ಇತ್ತಲ್ಲ ಎಂದಳು ಲುವೆನಿಯಾ.

"ಇತ್ತು. ತೆಗೆದು ನೋಡ್ದೆ. ಇರುವೆ ಸಾಲು ಹೋದ ಹಾಗೆ ಬರ್ದಿದೀಯ. ಕನ್ನಡಕ ಹಾಕ್ಕೊಂಡ್ರೂ ಒಂದಕ್ಷರ ಹತ್ತಲಿಲ್ಲ, ಮುಚ್ಚಿಟ್ಟೆ. ಅಷ್ಟೆಲ್ಲ ಓದಿದೋಳು, ಬರೆಯೋದಾದ್ರೆ ಇನ್ನೊಬ್ರಿಗೆ ತಿಳಿಯೋ ಹಾಗೆ ಬರಿಬಾರದಾ." ಬೆರಳು ತೆಗಿ ಎಂದು ದಾರ ಎಳೆದು ಬಿಗಿದಳು.

ಅಂದರೆ ಯಾರೂ ಓದಿಲ್ಲ. ಈ ಮನೆಯಲ್ಲಿ ಆ ಬೆಳಗಿನ ಮಾತು ಬರೀ ಅವಳೊಳಗೆ ಇದೆ, ಮತ್ತೆ ಪ್ರಾಯಶಃ ಅವನೊಳಗೆ. ಬಿಗಿದ ದಾರದ ಗುರುತು ಬೆರಳ ತುದಿಯಲ್ಲಿ ಬಿಳಿಚಿಕೊಂಡು ಉಳಿದಿತ್ತು. ಅದನ್ನೇ ನೋಡುತ್ತ ಲುವೆನಿಯಾ, ಒಡೆಸ್ಸಾ ಸುಳ್ಳು ಹೇಳುತ್ತಿರಬಹುದೇ ಎಂದೂ ಒಂದು ಗಳಿಗೆ ಯೋಚಿಸಿದಳು. ಆಮೇಲೆ ತಾನು ಏನಾಗಿಬಿಟ್ಟಿದ್ದೇನೆಂದು ಅರ್ಥವಾಗಿ ಕೈಯನ್ನು ಸ್ಕರ್ಟಿಗೆ ಒರೆಸಿಕೊಂಡಳು. ಪೇಪರು ಹಿಡಿಯದ, ಹ್ಯಾಟು ಇಡದ ಕಣ್ಣು. ಏಳು ವರ್ಷದಿಂದ ಅಪ್ಪನ ಎದುರು ಸೀಟಿನಲ್ಲಿ ಕೂತು, ಅವನ ಒಂದೊಂದು ಮಾತಿಗೂ ಚೀಟಿ ಬರೆಯುತ್ತಿದ್ದವಳು.

ಟ್ಯಾಕ್ಸಿಗೆ ಮೂರು ಗಂಟೆಗೆ ಹೇಳಿತ್ತು. ಎರಡೂ ಮುಕ್ಕಾಲಿಗೆ ಪೆಟ್ಟಿಗೆ ಮುಚ್ಚಿತು. ನೀಲಿ ಹೊದಿಕೆಯಿಂದಾಗಿ ಮುಚ್ಚಳ ಕೂರದೆ ಅಪ್ಪ ಅದರ ಮೇಲೆ ಕೂತ, ಅವಳು ನೆಲದ ಮೇಲೆ ಕೂತು ಒಂದೊಂದೇ ಕೊಂಡಿ ಒತ್ತಿದಳು. ಅವನು ಹೊಸ ಕೋಟು ಹಾಕಿಕೊಂಡಿದ್ದ. ಭುಜದ ಮೇಲೆ ಒಂದು ಬಿಳಿ ನೂಲೆಳೆ ಇತ್ತು. ತೆಗೆಯಲು ಅವಳ ಕೈ ಎದ್ದದ್ದು ಅರ್ಧಕ್ಕೆ ನಿಂತಿತು. ಎರಡನೆಯ ಕೊಂಡಿ ಕೂತ ಮೇಲೆ ಅಪ್ಪ ಒಳಜೇಬಿನಿಂದ ಭಾಷಣದ ಹಾಳೆಗಳನ್ನು ತೆಗೆದ. ಮೇಲಿನ ಜೇಬು ಮುಟ್ಟಿ ನೋಡಿಕೊಂಡ, ಕೆಳಗಿನ ಜೇಬು ಮುಟ್ಟಿ ನೋಡಿಕೊಂಡ. ಕನ್ನಡಕ ಪೆಟ್ಟಿಗೆಯೊಳಗೆ ಹೋಗಿದೆ ಎಂದ. ಎಲ್ಲಿ ಎಂದು ಕೇಳಿದಳು. ತಳದಲ್ಲಿ, ಹೊದಿಕೆಯ ಕೆಳಗೆ ಎಂದ.

ಮೊದಲು ಬೇಕಾಗುವುದು ಕೊನೆಗೆ ಒಳಗೆ ಹೋಗಬೇಕು. ಮೂವತ್ತೊಂದು ವರ್ಷದಲ್ಲಿ ಒಬ್ಬ ಪ್ರಯಾಣಿಕನಿಗೂ ತಪ್ಪು ಪೆಟ್ಟಿಗೆ ಕೊಡದ ಮನುಷ್ಯ ಕನ್ನಡಕವನ್ನು ತಳಕ್ಕೆ ಹಾಕುತ್ತಾನೆಯೇ? ಅವಳು ಅವನ ಮುಖ ಹುಡುಕಿದಳು. ಹುಡುಕುತ್ತಿರುವುದು ತಾನೆಂದು ತಿಳಿದು ಕಣ್ಣು ಕೆಳಗಿಳಿಸಿದಳು.

"ಒಂದ್ಸಲ ಗಟ್ಟಿಯಾಗಿ ಓದು ಮಗಳೇ. ನಾಳೆ ನಂಗೆ ಬಾಯಿಗೆ ಬರಬೇಕಲ್ಲ."

ಹಾಳೆ ಅವಳ ಕೈಗೆ ಬಂತು. ಅವಳದೇ ದುಂಡಕ್ಷರ, ಇಲ್ಲಿ ಇರುವೆ ಸಾಲಿಲ್ಲ, ಎಲ್ಲರಿಗೂ ತಿಳಿಯುವ ಹಾಗೆ ಬರೆದದ್ದು. ಒಡೆಸ್ಸಾ ಡಬ್ಬ ಹಿಡಿದು ಬಾಗಿಲಿಗೆ ಬಂದು ಒರಗಿ ನಿಂತಳು. ಲುವೆನಿಯಾ ಓದಿದಳು. ಸಭೆಗೆ ವಂದನೆಯಾಯಿತು, ಸಂಘ ಕಟ್ಟಿದ ಗೆಳೆಯರ ಹೆಸರುಗಳಾದವು, ಒಬ್ಬೊಬ್ಬರ ಪೂರ್ತಿ ಹೆಸರನ್ನೂ ಅಪ್ಪ ಬರೆಸಿದ್ದ. ಹೆಸರುಗಳನ್ನು ಓದುವಾಗ ಅವಳ ದನಿ ಚೆನ್ನಾಗಿಯೇ ಇತ್ತು. ಕ್ರಿಸ್ಮಸ್ ಬಂತು. ಬೋಗಿಯ ಮೆಟ್ಟಿಲು ಬಂತು. 'ಎದುರು ಸೀಟಿನಲ್ಲಿ ಕಂದು ಹ್ಯಾಟಿನ ಒಬ್ಬ ಮನುಷ್ಯ ಪೇಪರು ಹಿಡಿದು ಕೂತಿದ್ದ, ಅವನ ಎಡಗೆನ್ನೆಯ ಮೇಲೆ' ಎಂಬಲ್ಲಿಗೆ ಬಂದು ನಿಂತಳು. ಹೊರಗೆ ಬೀದಿಯಲ್ಲಿ ಕಾರೊಂದು ನಿಧಾನವಾಗಿ, ಮೂರನೆಯ ಗೇರಿನಿಂದ ಎರಡಕ್ಕೆ ಇಳಿದು, ಮುಂದೆ ಹೋಯಿತು. ಟ್ಯಾಕ್ಸಿಯಲ್ಲ.

ಓದು ಎಂದ ಅಪ್ಪ. ಅವನು ಪೆಟ್ಟಿಗೆಯ ಮೇಲೆಯೇ ಕೂತಿದ್ದ, ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು, ಕೋಟಿನ ಭುಜದ ಮೇಲೆ ಆ ನೂಲೆಳೆಯನ್ನು ಹಾಗೆಯೇ ಇಟ್ಟುಕೊಂಡು. ಅವಳಿಗೆ ಗುರುತು ಸಿಕ್ಕಿತು. ಆ ಬೆಳಿಗ್ಗೆ ಎರಡು ಸಲ ಬ್ರಷ್ಷಾಡಿಸಿ ನಿಂತವನು ಹೀಗೆಯೇ ಕಾದಿದ್ದ. ಅವಳು ಹಾಳೆಯನ್ನು ಮಡಿಸಲಿಲ್ಲ, ಹರಿಯಲಿಲ್ಲ, ಮೊಣಕಾಲಿನ ಮೇಲೆ ಮಗುಚಿ ಇಟ್ಟಳು.

"ಎದುರು ಸೀಟು ಖಾಲಿ ಇತ್ತು, ಅಪ್ಪಾ" ಎಂದಳು. "ಯಾರೂ ನೋಡ್ತಿರ್ಲಿಲ್ಲ. ನಿನ್ನನ್ನ ಜಾರ್ಜ್ ಅಂತ ಕರೆದವಳು ನಾನು."